ಸುತ್ತದ ರೀಲು

ತಲೆ ಎಡಕ್ಕೆ ವಾಲುತ್ತಿತ್ತು. ಪ್ರಭುಸ್ವಾಮಿ ಗಲ್ಲ ಹಿಡಿದು ನೆಟ್ಟಗೆ ಮಾಡುತ್ತಿದ್ದ, ಕೈ ಬಿಟ್ಟ ಕೂಡಲೇ ಅದು ಮತ್ತೆ ವಾಲುತ್ತಿತ್ತು. ಕುರ್ಚಿಯ ಸುತ್ತ ನಿಂತವರು ತಲೆಗೊಂದು ಸಲಹೆ ಕೊಡುತ್ತಿದ್ದರು. ದಿಂಬು ಇಡಿ ಎಂದರು ಒಬ್ಬರು, ಟವಲಿನಲ್ಲಿ ಕಿಟಕಿಯ ಸರಳಿಗೆ ಕಟ್ಟಿ ಎಂದರು ಇನ್ನೊಬ್ಬರು. ಕಟ್ಟಿದರೆ ಫೋಟೋದಲ್ಲಿ ಟವಲು ಕಾಣುತ್ತದೆ ಎಂದು ಮೂರನೆಯವರು ತಕರಾರು ತೆಗೆದರು.

ಗೋಡೆಗೆ ಒರಗಿ ಕೂತಿದ್ದ ಚಿಕ್ಕಬಸಮ್ಮ ಇದನ್ನೆಲ್ಲ ನೋಡುವಷ್ಟು ನೋಡಿ, ಕೊನೆಗೆ ತಡೆಯಲಾರದೆ ಬಾಯಿ ಬಿಟ್ಟರು.

"ಅಂಗಲ್ಲ ಕಣ್ಲಾ ಪ್ರಭು. ಸ್ಟುಡಿಯೋ ಪೆಟ್ಗೇಲಿ ಒಂದು ಅಲಗೆ ಅದೆ, ತಕಂಡ್ಬಾ. ಅದ ಬೆನ್ನಿಗೆ ಕೊಟ್ಟು, ಕತ್ತಿನಿಂದೆ ಟವಲ ಸುತ್ತಿಡು. ನಿಮ್ಮ ದೊಡ್ಡಪ್ಪ ಅಂಗೇ ಮಾಡ್ತಿದ್ರು."

ಹಲಗೆ ಬಂತು. ಒಂದು ಮೊಳ ಅಗಲ, ಎರಡು ಮೊಳ ಉದ್ದ, ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಆ ಕಡೆಯ ಊರುಗಳಲ್ಲಿ ಸತ್ತವರನ್ನು ಕೂರಿಸಿ, ಮನೆಮಂದಿಯೆಲ್ಲ ಸುತ್ತ ನಿಂತು ಒಂದು ಫೋಟೋ ತೆಗೆಸಿಕೊಳ್ಳದೆ ಮಣ್ಣಿಗೆ ಕಳಿಸುವ ರೂಢಿಯಿಲ್ಲ. ಕೌದಳ್ಳಿಯ ಸುತ್ತಮುತ್ತ ನಲವತ್ತೈದು ವರ್ಷ ಸತ್ತವರ ಬೆನ್ನಿಗೆ ಆನಿಕೆಯಾಗಿದ್ದುದು ಇದೇ ಹಲಗೆ. ಕೊಳ್ಳೇಗಾಲದ ರಸ್ತೆಯಿಂದ ಹಿಡಿದು ಗೋಪಿನಾಥಂವರೆಗೆ ಎಷ್ಟೋ ಮನೆಗಳ ಅಜ್ಜ ಅಜ್ಜಿಯರು ಗೋಡೆಯ ಮೇಲಿನ ಚೌಕಟ್ಟಿನಲ್ಲಿ ಇವತ್ತಿಗೂ ನೆಟ್ಟಗೆ ಕೂತಿರುವುದು ಇದರ ದಯದಿಂದ. ಇವತ್ತು ಅದಕ್ಕೆ ಒರಗಿದವರು ಫೋಟೋಗ್ರಾಫರ್ ಗುರುಮಲ್ಲಪ್ಪನವರೇ. ಹಣೆಯ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಕೊರಳಲ್ಲಿ ರುದ್ರಾಕ್ಷಿ. ನಿನ್ನೆ ಸಂಜೆ ಟೀ ಕುಡಿದು ಲೋಟ ಕೆಳಗಿಟ್ಟವರು ಹಾಗೇ ಒರಗಿಬಿಟ್ಟಿದ್ದರು. ಎಪ್ಪತ್ತು ದಾಟಿತ್ತು.

ತಲೆ ನೆಟ್ಟಗೆ ನಿಂತಿತು. ಅಷ್ಟರಲ್ಲಿ ಮೈಕು ಕಟ್ಟಿದ ಆಟೋ ಮನೆಯ ಮುಂದೆ ಹಾದುಹೋಯಿತು. ಅದರೊಳಗಿನ ಗಂಡಸು, ನಮ್ಮೂರಿನ ಡಬಲ್ ಫೋಟೋ ಗುರುಮಲ್ಲಪ್ಪನವರು ಲಿಂಗೈಕ್ಯರಾಗಿರುತ್ತಾರೆ, ಮಧ್ಯಾಹ್ನ ಮೂರು ಗಂಟೆಗೆ ಅವರ ಹೊಲದಲ್ಲಿ ಸಮಾಧಿ ಕ್ರಿಯೆ ಇರುತ್ತದೆ ಎಂದು ರಾಗವಾಗಿ ಕೂಗಿದ. ಡಬಲ್ ಎಂಬ ಮಾತನ್ನು ಅವನು ಎರಡು ಸಲ ಒತ್ತಿ ಹೇಳಿದ.

ಗುರುಮಲ್ಲಪ್ಪನವರ ಹೆಂಡತಿ ಚಿಕ್ಕಬಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಬೆಳಗಿನಿಂದ ಅಳದಿದ್ದವರಿಗೆ ಈಗ ಅಳು ಬಂದಿತ್ತು.

"ಇವತ್ತಾದ್ರೂವೆ ಆ ಎಸರು ಬುಡಬಾರ್ದಾ? ಮಣ್ಣಿಗೆ ಓಗೋವಾಗ್ಲೂ ಅದ್ನೇ ಒತ್ಕಂಡು ಓಗಬೇಕಾ ಅವರು?"

ಆಟೋದವನಿಗೆ ಚೀಟಿ ಬರೆದುಕೊಟ್ಟವನು ಪ್ರಭುಸ್ವಾಮಿಯೇ. ಊರಲ್ಲಿ ಟೈಲರ್ ಗುರುಮಲ್ಲಪ್ಪ ಇದ್ದಾರೆ, ಮಿಲ್ ಗುರುಮಲ್ಲಪ್ಪ ಇದ್ದಾರೆ, ಬರೀ ಗುರುಮಲ್ಲಪ್ಪ ಎಂದರೆ ಮೂರು ಮನೆಗೆ ಜನ ಹಾರ ಹಿಡಿದುಕೊಂಡು ಹೋಗುತ್ತಾರೆ. ಅದನ್ನೇ ದೊಡ್ಡವ್ವನಿಗೆ ಮೆಲ್ಲಗೆ ತಿಳಿಸಿ ಹೇಳಿದ. ಅವರು ಕೇಳಿಸಿಕೊಂಡರು, ಒಪ್ಪಲಿಲ್ಲ.

*

ಆ ಹೆಸರು ಅಂಟಿದ್ದು ಮೂವತ್ತೆರಡು ವರ್ಷದ ಕೆಳಗೆ, ಕೌದಳ್ಳಿಯ ಚೆನ್ನಯ್ಯನ ಮಗಳು ರತ್ನಳ ಮದುವೆಯಲ್ಲಿ.

ಮದುವೆಗೆ ಎರಡು ತಿಂಗಳು ಮೊದಲು ರತ್ನಳ ತಾಯಿ ಗೋವಿಂದಮ್ಮ ತೀರಿಕೊಂಡಿದ್ದಳು. ಗೊತ್ತಾದ ಮದುವೆ ನಿಲ್ಲಿಸಬಾರದೆಂದು ಹಿರಿಯರು ಹೇಳಿ, ಮನೆಯ ಮುಂದೆ ಚಪ್ಪರ ಹಾಕಿ ಮುಗಿಸಿದ್ದರು. ಗಂಡು ಯಳಂದೂರಿನ ಶಾಂತರಾಜು. ಫೋಟೋ ಗುರುಮಲ್ಲಪ್ಪನವರದು. ಆಗ ಕಲರ್ ರೀಲು ತೊಳೆಯಲು ಮೈಸೂರಿಗೆ ಕಳಿಸಬೇಕಿತ್ತು, ಫೋಟೋ ಕೈಗೆ ಬರಲು ಹದಿನೈದು ದಿನ ಹಿಡಿಯುತ್ತಿತ್ತು. ಬಂದದ್ದನ್ನು ಅವರೇ ಬಸ್ಸಿನಲ್ಲಿ ಯಳಂದೂರಿಗೆ ಒಯ್ದು, ಗಂಡಿನ ಮನೆಯ ಪಡಸಾಲೆಯಲ್ಲಿ ಹರಡಿದ್ದರು.

ಮೂವತ್ತಾರು ಫೋಟೋದಲ್ಲಿ ಮೂವತ್ತೈದು ಚೆನ್ನಾಗಿದ್ದವು. ಗಂಡು ಹೆಣ್ಣು ಜೋಡಿಯಾಗಿ ನಿಂತ ಒಂದರಲ್ಲಿ ಮೂರು ಜನ ಇದ್ದರು. ರತ್ನಳ ಬಲಕ್ಕೆ, ಬಾಗಿಲ ಕತ್ತಲಿನಿಂದ ಈಚೆಗೆ ಬಂದ ಹಾಗೆ, ಗೋವಿಂದಮ್ಮ ನಿಂತಿದ್ದಳು.

ಶಾಂತರಾಜುವಿನ ತಾಯಿ ಕಿಟಾರನೆ ಕಿರುಚಿದ್ದು ಮೂರು ಮನೆಯಾಚೆ ಕೇಳಿಸಿತಂತೆ. ಸತ್ತವಳು ಮಗಳ ಹಿಂದೆ ನಮ್ಮ ಮನೆಗೆ ಬಂದಳು ಎಂದು ಆಕೆ ಹುಯ್ಯಲಿಟ್ಟಳು. ಗುರುಮಲ್ಲಪ್ಪನವರು ಕೈ ಮುಗಿದು ನಿಂತು, ಅದು ತಮ್ಮದೇ ತಪ್ಪೆಂದರು. ಗೋವಿಂದಮ್ಮನ ಹಳೆಯ ಫೋಟೋವನ್ನು ದೊಡ್ಡದು ಮಾಡಿಕೊಡಲು ಚೆನ್ನಯ್ಯ ಕೊಟ್ಟಿದ್ದ, ಮದುವೆಯ ಬೆಳಿಗ್ಗೆ ಅದನ್ನು ಕಾಪಿ ತೆಗೆದೆ, ಆಮೇಲೆ ರೀಲು ಸುತ್ತುವುದನ್ನು ಮರೆತು ಅದರ ಮೇಲೇ ಇನ್ನೊಂದು ಫೋಟೋ ಹೊಡೆದೆ, ಎರಡೂ ಒಂದರಲ್ಲಿ ಕೂತವು ಎಂದು ಬಿಡಿಸಿ ಹೇಳಿದರು. ಆಗ ಆ ಕಡೆಯ ಸ್ಟುಡಿಯೋಗಳಲ್ಲಿ ಹೆಚ್ಚಾಗಿ ಇದ್ದುದು ಡಬ್ಬದಂಥ ಅಗ್ಗದ ಕ್ಯಾಮೆರಾ, ಅದರಲ್ಲಿ ಹಾಗೆ ಆಗುವುದು ಎಲ್ಲರಿಗೂ ಗೊತ್ತಿತ್ತು. ದೆವ್ವವಲ್ಲ, ದಡ್ಡತನ ಎಂದು ಗಂಡಿನ ಮನೆಯವರಿಗೆ ಸಮಾಧಾನವಾಯಿತು. ಬೈದು ಕಳಿಸಿದರು.

ಸುದ್ದಿ ಅವರಿಗಿಂತ ಮೊದಲೇ ಬಸ್ಸಿನಲ್ಲಿ ಕೌದಳ್ಳಿ ತಲುಪಿತ್ತು. ಸ್ಟುಡಿಯೋ ಎದುರಿನ ಟೀ ಅಂಗಡಿ ಮಾದಣ್ಣ, ಗುರುಮಲ್ಲಪ್ಪನವರ ಗೆಳೆಯನೇ, "ಬನ್ನಿ ಡಬಲ್ ಸ್ವಾಮೇರೇ" ಎಂದು ಕರೆದು ಟೀ ಕೊಟ್ಟ. ಅಲ್ಲಿಂದ ಡಬಲ್ ಎಂಬುದು ಅವರ ಮನೆತನದ ಹೆಸರಾಯಿತು. ಎರಡು ವರ್ಷ ಮದುವೆಗೆ ಯಾರೂ ಕರೆಯಲಿಲ್ಲ. ಅವರು ಕ್ಯಾಮೆರಾ ನೇತುಹಾಕಿಕೊಂಡು ಗೋಪಿನಾಥಂ ಬಸ್ಸು ಹತ್ತಿದರು. ಅಲ್ಲಿ ಕರೆಂಟು ಬಂದರೆ ಬಂತು ಇಲ್ಲದಿದ್ದರೆ ಇಲ್ಲ, ಕಾಡಂಚಿನ ಮನೆಗಳ ಮುಂದೆ ಬಿಳಿ ಪಂಚೆ ಕಟ್ಟಿ, ರೇಷನ್ ಕಾರ್ಡಿಗೆ, ಪಿಂಚಣಿ ಅರ್ಜಿಗೆ ಮುಖ ಹಿಡಿದುಕೊಂಡು ಬರುತ್ತಿದ್ದರು. ಆ ಕ್ಯಾಮೆರಾಕ್ಕೆ ಕರೆಂಟೂ ಬೇಡ, ಸೆಲ್ಲೂ ಬೇಡ, ಬಿಸಿಲೊಂದಿದ್ದರೆ ಸಾಕಿತ್ತು.

ಚಿಕ್ಕಬಸಮ್ಮನಿಗೆ ಮಾತ್ರ ಆ ಹೆಸರು ಸೂಜಿ ಚುಚ್ಚಿದಂತೆ ಆಗುತ್ತಿತ್ತು. ಊರಿನವರ ಮೇಲಿನ ಸಿಟ್ಟನ್ನು ಗಂಡನ ಮೇಲೆ ತೀರಿಸಿಕೊಂಡರು. ಗುರುಮಲ್ಲಪ್ಪನವರು ಕ್ಯಾಮೆರಾ ಹಿಡಿದು ಹೊಸ್ತಿಲು ದಾಟುವಾಗಲೆಲ್ಲ, "ರೀಲು ಸುತ್ತಿ" ಎಂದು ಹಿಂದಿನಿಂದ ಕೂಗುತ್ತಿದ್ದರು. ಅವರು ತಿರುಗಿ ನೋಡದೆ "ಸುತ್ತುತೀನಿ ಕಣಮ್ಮಿ" ಎನ್ನುತ್ತಿದ್ದರು. ಮೂವತ್ತೆರಡು ವರ್ಷದಲ್ಲಿ ಒಂದು ದಿನವೂ ಈ ಮಾತು ತಪ್ಪಿರಲಿಲ್ಲ.

*

ಹನೂರಿನಿಂದ ಪರಮೇಶ ಬಂದಾಗ ಹನ್ನೊಂದು ಗಂಟೆ. ಹನೂರು ಬಸ್ ಸ್ಟ್ಯಾಂಡಿನ ಹತ್ತಿರ ಅವನದು ದೊಡ್ಡ ಸ್ಟುಡಿಯೋ, ಮದುವೆಗೆ ಡ್ರೋನು ಹಾರಿಸುವ ಮಟ್ಟಕ್ಕೆ ಬೆಳೆದಿದ್ದ. ಆದರೂ ಅರ್ಥವಾಗದ್ದೇನಾದರೂ ಇದ್ದರೆ ಕೌದಳ್ಳಿಗೆ ಬಂದು ಗುರುಮಲ್ಲಪ್ಪನವರ ಪಕ್ಕ ಬೆಂಚಿನ ಮೇಲೆ ಕೂರುತ್ತಿದ್ದ. ಕಾಲಿಗೆ ಬಿದ್ದು ಎದ್ದು, ಕಣ್ಣೊರೆಸಿಕೊಂಡು, ಬ್ಯಾಗಿನಿಂದ ತನ್ನ ಕ್ಯಾಮೆರಾ ತೆಗೆದ.

ಚಿಕ್ಕಬಸಮ್ಮ ಬೇಡವೆಂದು ಕೈಯಾಡಿಸಿದರು.

"ಅದ್ರಲ್ಲಿ ಆಮೇಲೆ ಎಷ್ಟಾದ್ರೂ ಒಡಿ ಮಗ. ಮೊದ್ಲು ಅವರ ಕ್ಯಾಮೆರಾದಲ್ಲಿ ಒಂದು ತೆಗಿ. ರೀಲು ಅದ್ರಲ್ಲೇ ಅದೆ. ಮೊನ್ನೆ ತಾನೇ ಆಕುದ್ರು, ರತ್ನನ ಮಗ್ಳು ಮದ್ವೆಗೆ ಅಂತ."

ರತ್ನ ಬಾಗಿಲ ಪಕ್ಕದಲ್ಲೇ ಕೂತಿದ್ದಳು. ಯಳಂದೂರಿನಿಂದ ಗಂಡನೊಡನೆ ಮೊದಲ ಬಸ್ಸಿಗೇ ಬಂದಿದ್ದಳು. ಮಗಳು ರೂಪಳ ಮದುವೆ ಇನ್ನು ಮೂರು ವಾರಕ್ಕೆ ಕೊಳ್ಳೇಗಾಲದಲ್ಲಿ. ವಿಡಿಯೋಗೆ ಯಾರನ್ನಾದರೂ ಕರೆದುಕೋ, ಒಂದು ರೀಲು ಮಾತ್ರ ನನ್ನದು ಎಂದು ಗುರುಮಲ್ಲಪ್ಪನವರು ಹೇಳಿ ಕಳಿಸಿದ್ದರು. ಹಳೆಯದೆಲ್ಲ ಆದಮೇಲೂ ರತ್ನ ಅವರ ಮನೆಗೆ ಬಂದುಹೋಗುವುದನ್ನು ಬಿಟ್ಟಿರಲಿಲ್ಲ. ರೂಪಳ ನಾಮಕರಣಕ್ಕೆ, ಮೊದಲ ದಿನ ಶಾಲೆಗೆ ಹೋಗುವುದಕ್ಕೆ, ಎಲ್ಲಕ್ಕೂ ಅವರದೇ ಫೋಟೋ.

ಪ್ರಭುಸ್ವಾಮಿ ಒಳಗಿನ ಮೊಳೆಯಿಂದ ಕ್ಯಾಮೆರಾ ತಂದು ಪರಮೇಶನ ಕೈಗೆ ಕೊಟ್ಟ. ಪರಮೇಶನಿಗೆ ಅದರ ಭಾರ ಅನಿರೀಕ್ಷಿತವಾಗಿತ್ತು. ಇಷ್ಟು ವರ್ಷ ನೋಡಿದ್ದನೇ ಹೊರತು ಹಿಡಿದಿರಲಿಲ್ಲ. ಅವನು ಕಸುಬಿಗೆ ಇಳಿಯುವ ಹೊತ್ತಿಗೆ ರೀಲಿನ ಕಾಲ ಮುಗಿದಿತ್ತು.

ಒಮ್ಮೆ ಮಾತ್ರ ಗುರುಮಲ್ಲಪ್ಪನವರು ಅದರ ಹಿಂಬಾಗಿಲು ತೆರೆದು ತೋರಿಸಿದ್ದು ಅವನಿಗೆ ನೆನಪಿತ್ತು. ಅವನ ಮೂರನೆಯ ಕ್ಯಾಮೆರಾ ಕೆಟ್ಟು, ಬೆಂಗಳೂರಿಗೆ ಒಯ್ದರೆ, ಆ ಮಾಡೆಲ್ಲಿನ ಸಾಮಾನು ಬರುವುದು ನಿಂತಿದೆ, ಹೊಸದು ತೆಗೆದುಕೊಳ್ಳಿ ಎಂದು ವಾಪಸು ಕಳಿಸಿದ್ದರು. ಕೊಂಡು ಐದು ವರ್ಷವೂ ಆಗಿರಲಿಲ್ಲ. ಅವನು ಬಂದು ಗೋಳಾಡಿದಾಗ ಗುರುಮಲ್ಲಪ್ಪನವರು ತಮ್ಮದನ್ನು ಬಿಚ್ಚಿ, ಒಳಗಿನ ಕಪ್ಪು ಪರದೆಯನ್ನು ತೋರಿಸಿದರು. ಬೆಳಕನ್ನು ತಡೆದು ಬಿಡುವ ಆ ಬಟ್ಟೆ ಒಂದು ಕಾಲದಲ್ಲಿ ತೂತಾಗಿ ಫೋಟೋಗಳಲ್ಲಿ ಬಿಳಿ ಚುಕ್ಕೆ ಬೀಳುತ್ತಿತ್ತು. ಅವರು ಕೊಳ್ಳೇಗಾಲದ ಒಂದು ಮಗ್ಗದ ಮನೆಯಿಂದ ತೆಳ್ಳನೆಯ ರೇಷ್ಮೆ ತುಂಡು ತಂದು, ಸೈಕಲ್ ಟ್ಯೂಬಿಗೆ ಹಚ್ಚುವ ಸಲ್ಯೂಷನ್ನಿಗೆ ಕಪ್ಪು ಬೆರೆಸಿ ಬಳಿದು, ಒಣಗಿಸಿ, ಕತ್ತರಿಸಿ ಕೂರಿಸಿದ್ದರು. ಹತ್ತು ಸಲ ಕೆಟ್ಟು ಹನ್ನೊಂದನೆಯ ಸಲ ಸರಿಯಾಗಿತ್ತು.

"ನಂದ್ರ ಸ್ಪೇರ್ ಪಾರ್ಟು ಕೊಳ್ಳೇಗಾಲದ ಮಗ್ಗದಲ್ಲಿ ಸಿಕ್ತದೆ ಕಣ್ಲಾ. ನಿಂದು ಎಲ್ಲಿ ಸಿಕ್ತದೆ?" ಎಂದು ನಕ್ಕಿದ್ದರು. ಪರಮೇಶ ಅದಾದ ಮೇಲೆ ಇನ್ನೂ ಎರಡು ಕ್ಯಾಮೆರಾ ಬದಲಾಯಿಸಿದ್ದ. ಆ ರೇಷ್ಮೆ ಇನ್ನೂ ಅದರೊಳಗೇ ಇತ್ತು.

ಚರ್ಮದ ಚೀಲದ ಮುಚ್ಚಳದ ಒಳಗೆ ಒಂದು ಕಾಗದ ಅಂಟಿಸಿತ್ತು. ಗುರುಮಲ್ಲಪ್ಪನವರ ದುಂಡನೆಯ ಅಕ್ಷರ: ಬಿಸಿಲು ಹದಿನಾರು, ಮೋಡ ಎಂಟು, ಚಪ್ಪರದ ಕೆಳಗೆ ನಾಲ್ಕು. ಪರಮೇಶನಿಗೆ ಅಷ್ಟು ಸಾಕಾಗಿತ್ತು, ಬೆಳಕಿನ ಲೆಕ್ಕ ಎಲ್ಲ ಕ್ಯಾಮೆರಾಕ್ಕೂ ಒಂದೇ. ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಎರಡು ಒಂದರಲ್ಲಿ, ಅಡಿಯ ಗುಂಡಿ ಒತ್ತಿ ಸುತ್ತು. ಅದೇನೆಂದು ತಿಳಿಯಲಿಲ್ಲ, ಬಿಟ್ಟ.

ಮನೆಯವರೆಲ್ಲ ಕುರ್ಚಿಯ ಸುತ್ತ ನಿಂತರು. ಚಿಕ್ಕಬಸಮ್ಮ ಗಂಡನ ಪಕ್ಕದ ಕುರ್ಚಿಯಲ್ಲಿ ಕೂತರು. ಮಾದಣ್ಣನೂ ಅಂಗಡಿ ಮುಚ್ಚಿ ಬಂದು ಒಂದು ಮೂಲೆಯಲ್ಲಿ ಸೇರಿಕೊಂಡ. ಪರಮೇಶ ಕಣ್ಣಿಟ್ಟು, ಉಂಗುರ ತಿರುಗಿಸಿ, ಗುಂಡಿ ಒತ್ತಿದ. ಏನೂ ಆಗಲಿಲ್ಲ.

"ರೀಲು ಸುತ್ತಪ್ಪ" ಎಂದರು ಚಿಕ್ಕಬಸಮ್ಮ.

ಜನರಲ್ಲಿ ಸಣ್ಣಗೆ ನಗು ಹರಿದಾಡಿತು. ಚಿಕ್ಕಬಸಮ್ಮನಿಗೇ ತಾವು ಏನು ಹೇಳಿದೆವೆಂದು ಗೊತ್ತಾಗಿ ತಲೆ ತಗ್ಗಿಸಿದರು. ಪರಮೇಶ ಬಲಗಡೆಯ ಕಡ್ಡಿಯನ್ನು ಹೆಬ್ಬೆರಳಿನಿಂದ ಎಳೆದ. ಒಳಗೆ ಹಲ್ಲುಗಳು ತಿರುಗಿದ ಸದ್ದು ಕೇಳಿಸಿತು. ಈ ಸಲ ಒತ್ತಿದಾಗ ಟಕ್ ಎಂದು ಗಟ್ಟಿಯಾಗಿ ಬಡಿಯಿತು.

ಇರಲಿ ಎಂದು ಇನ್ನೊಂದಕ್ಕೆ ಕಣ್ಣಿಟ್ಟ. ಒತ್ತಿದ. ಗುಂಡಿ ಕದಲಲಿಲ್ಲ. ಸುತ್ತಿಲ್ಲವೆಂದು ನೆನಪಾಯಿತು. ಸುತ್ತಲು ಹೋದವನು ಅಲ್ಲಿಗೇ ಕೈ ತಡೆದು, ಕ್ಯಾಮೆರಾವನ್ನು ಕಣ್ಣಿನಿಂದ ಇಳಿಸಿದ. ಮತ್ತೆ ಒತ್ತಿ ನೋಡಿದ. ಜೋರಾಗಿ ಒತ್ತಿ ನೋಡಿದ.

"ಅವ್ವ, ಆ ಮದ್ವೆ ಫೋಟೋ ತೆಗ್ದಿದ್ದು ಯಾವ ಕ್ಯಾಮೆರಾದಲ್ಲಿ?"

ಚಿಕ್ಕಬಸಮ್ಮನಿಗೆ ಈ ಹೊತ್ತಿನಲ್ಲಿ ಅದು ಯಾಕೆಂದು ಬೇಸರವಾಯಿತು. ಇದರಲ್ಲೇ ಎಂದರು. ಡಬ್ಬ ಕ್ಯಾಮೆರಾವನ್ನು ಅದಕ್ಕೂ ಮೂರು ವರ್ಷ ಮುಂಚೆಯೇ ಯಾರಿಗೋ ಕೊಟ್ಟಿದ್ದರು, ಆಮೇಲೆ ಅವರ ಕೈಗೆ ಬಂದದ್ದು ಇದೊಂದೇ.

"ಇದು ಸುತ್ತದೆ ಇದ್ರೆ ಒತ್ತಿಸ್ಕಳದೇ ಇಲ್ಲ ಅವ್ವ" ಎಂದ ಪರಮೇಶ. ಅವನ ದನಿ ಇಳಿದಿತ್ತು. "ಮರ್ತು ಎರಡ್ನೇದು ಒಡೀತೀನಿ ಅಂದ್ರೂ ಇದು ಬುಡಲ್ಲ. ಈ ಕ್ಯಾಮೆರಾದಲ್ಲಿ ಮರೆವಿಂದ ಡಬಲ್ ಆಗಕ್ಕೆ ಸಾಧ್ಯನೇ ಇಲ್ಲ."

ಪರಮೇಶ ಚೀಲದ ಮುಚ್ಚಳ ತಿರುವಿ, ಆ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದ. ಕ್ಯಾಮೆರಾವನ್ನು ಬೋರಲು ಹಾಕಿ ನೋಡಿದ. ತಳದಲ್ಲಿ ಕಡಲೆಬೇಳೆಯಷ್ಟು ಒಂದು ಗುಂಡಿ ಇತ್ತು. ಅದನ್ನು ಒತ್ತಿ ಹಿಡಿದುಕೊಂಡು ಸುತ್ತಿದರೆ ರೀಲು ಇದ್ದಲ್ಲೇ ನಿಂತಿರುತ್ತದೆ, ಪರದೆ ಮಾತ್ರ ಎರಡನೆಯ ಸಲಕ್ಕೆ ಸಿದ್ಧವಾಗುತ್ತದೆ. ಎರಡು ಕೈಯಲ್ಲೂ ಗಮನವಿಟ್ಟು ಮಾಡುವ ಕೆಲಸ. ಅದನ್ನು ಎಲ್ಲರಿಗೂ ತೋರಿಸಿ ಹೇಳಿದ.

"ಬೇಕು ಅಂತ್ಲೇ ಮಾಡವ್ರೆ" ಎಂದ.

ಬಾಗಿಲ ಹತ್ತಿರ ರತ್ನ ಎದ್ದು ನಿಂತಿದ್ದಳು. ಅವಳ ಕೈ ಬ್ಯಾಗಿನೊಳಗೆ ಇತ್ತು. ಹೊರಗೆ ತೆಗೆದಾಗ ಅದರಲ್ಲಿ ಆ ಫೋಟೋ ಇತ್ತು. ಇಪ್ಪತ್ತು ವರ್ಷ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಬಚ್ಚಿಟ್ಟು, ಅತ್ತೆ ತೀರಿಕೊಂಡ ಮೇಲೆ ಗೋಡೆಗೆ ಹಾಕಿದ್ದು. ಗುರುಮಲ್ಲಪ್ಪನವರ ಪಾದಕ್ಕೆ ಒಂದು ಗಳಿಗೆ ಮುಟ್ಟಿಸಿ ಒಯ್ಯೋಣವೆಂದು ತಂದಿದ್ದಳು.

"ನಾನೇ ಕೇಳಿದ್ದೆ" ಎಂದಳು.

*

ಮುಹೂರ್ತಕ್ಕೆ ಇನ್ನೂ ಒಂದು ಗಂಟೆ ಇತ್ತು. ಹತ್ತೊಂಬತ್ತು ವರ್ಷದ ರತ್ನ ಬಾಸಿಂಗ ಕಟ್ಟಿಸಿಕೊಂಡು ಒಳಕೋಣೆಯಲ್ಲಿ ಕೂತಿದ್ದಳು. ಹೆಣ್ಣಿನ ಫೋಟೋ ತೆಗೆಯಲು ಬಂದ ಗುರುಮಲ್ಲಪ್ಪನವರು, ವಸಿ ನಗವ್ವ ಎಂದರು. ಅವಳಿಗೆ ನಗು ಬರಲಿಲ್ಲ. ಹೆಂಗಸರು ಆಚೆ ಹೋದದ್ದು ನೋಡಿ, ಅವಳು ಕೇಳಿದಳು.

"ಅಣ್ಣ, ಫೋಟೋದಲ್ಲಿ ನಮ್ಮವ್ವನ್ನೂ ಸೇರಿಸಕ್ಕಾಯ್ತದಾ?"

"ಸತ್ತೋರ್ನ ಕರ್ಕಂಬರೋದು ಫೋಟೋದೋನ ಕೈಲಿ ಆಯ್ತದಾ ಮಗ? ಆಗಕಿಲ್ಲ."

ಗುರುಮಲ್ಲಪ್ಪನವರು ಬಾಗಿಲವರೆಗೆ ಹೋಗಿ, ಕ್ಯಾಮೆರಾದ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತ ತಿರುಗಿದರು.

"ನಿಮ್ಮವ್ವ ಬದುಕಿದ್ರೆ ಯಾವ ಕಡೆ ನಿಂತ್ಕತಿದ್ರು?"

"ಬಲಗಡೆ."

ಆಮೇಲೆ ಅವರು ರೀಲು ಹಾಕಿಕೊಂಡು ಬರುತ್ತೇನೆಂದು ಸ್ಟುಡಿಯೋಕ್ಕೆ ಹೋದರು, ಬರಲು ಕಾಲು ಗಂಟೆ ಹಿಡಿಯಿತು. ಬಂದವರು ಗಂಡು ಹೆಣ್ಣನ್ನು ಮನೆಯ ಬಾಗಿಲ ಮುಂದೆ ನಿಲ್ಲಿಸಿ, ರತ್ನಳಿಗೆ ಒಂದು ಹೆಜ್ಜೆ ಎಡಕ್ಕೆ ಬಾ ಎಂದರು. ಅವಳ ಬಲಕ್ಕೆ ಬಾಗಿಲ ಕತ್ತಲು ಮಾತ್ರ ಉಳಿಯಿತು. ಅಲ್ಲಿ ಜಾಗ ಖಾಲಿ ಬಿಟ್ಟರೆ ಚೆನ್ನಾಗಿರಲ್ಲ ಎಂದು ಯಾರೋ ಹೇಳಿದ್ದಕ್ಕೆ, ನಿಮ್ಮ ಕೆಲಸ ನೋಡಿಕೊಳ್ಳಿ ಎಂದು ಗದರಿದ್ದರು.

*

"ನಾನು ಕೇಳಿದ್ದು ಯಾರಿಗೂ ಯೋಳ್ನಿಲ್ಲ" ಎಂದಳು ರತ್ನ. "ನಮ್ಮತ್ತೆ ಅಂಗೆ ಕಿರುಚಾಡಿದ್ ನೋಡಿ ಎದುರಿಕೆ ಆಯ್ತು. ಕೇಳಿದ್ದು ನಾನೇ ಅಂತ ಗೊತ್ತಾಗಿದ್ರೆ ಆ ಮನೇಲಿ ನಾನು ಬಾಳಕ್ಕೆ ಆಯ್ತಿತ್ತಾ? ಆಗಲ್ಲ ಅಂತ ಅಣ್ಣನೇ ಯೋಳಿದ್ರಲ್ಲ, ಅದ್ಕೆ ಅವರು ಮರ್ತಿದ್ದು ನಿಜ, ದೇವ್ರೇ ಮರೆವು ಕೊಟ್ಟ ಅನ್ಕಂಡಿದ್ದೆ. ಇಷ್ಟ್ ವರ್ಷ ದೇವ್ರಿಗೆ ಕೈ ಮುಗುದೆ. ನಾನು ಕೈ ಮುಗೀಬೇಕಾಗಿದ್ದೋರು ಇಲ್ಲೇ ಟೀ ಕುಡ್ಕಂಡು ಕೂತಿದ್ರು."

ಫೋಟೋವನ್ನು ಗುರುಮಲ್ಲಪ್ಪನವರ ತೊಡೆಯ ಮೇಲಿಟ್ಟು, ಪಾದದ ಮೇಲೆ ತಲೆಯಿಟ್ಟಳು. ಎಲ್ಲರೂ ಬಗ್ಗಿ ಆ ಫೋಟೋವನ್ನು ನೋಡಿದರು. ನೋಡುತ್ತ ನೋಡುತ್ತ ಇನ್ನೊಂದು ಕಂಡಿತು. ಗೋವಿಂದಮ್ಮ ಅಡ್ಡಾದಿಡ್ಡಿ ಬಿದ್ದಿರಲಿಲ್ಲ. ಮಗಳ ಭುಜಕ್ಕೆ ಅವಳ ಭುಜ ಸರಿಯಾಗಿ ತಾಗಿಕೊಂಡಿತ್ತು. ಸ್ಟುಡಿಯೋದಲ್ಲಿ, ಸುತ್ತಲಿನ ಜಾಗ ರೀಲಿನಲ್ಲಿ ಖಾಲಿ ಉಳಿಯಲೆಂದು, ಕರಿ ಕಂಬಳಿಯ ಮೇಲೆ ಹಳೆಯ ಫೋಟೋವನ್ನಿಟ್ಟು, ಎಷ್ಟು ದೂರದಿಂದ ತೆಗೆದರೆ ಎಷ್ಟೆತ್ತರ ಬರುತ್ತಾಳೆಂದು ಅಳೆದು ತೆಗೆದದ್ದು. ಮೂವತ್ತೆರಡು ವರ್ಷದಲ್ಲಿ ಆ ಫೋಟೋ ನೋಡಿದವರು ಯಾರಿಗೂ ಇದು ಹೊಳೆದಿರಲಿಲ್ಲ.

ಶಾಂತರಾಜು ಮುಂದೆ ಬಂದು ಚಿಕ್ಕಬಸಮ್ಮನ ಎದುರು ನಿಂತ. ಮಾತಿನಲ್ಲಿ ಹಿಂದುಮುಂದು ನೋಡುವ ಮನುಷ್ಯ. ಅವತ್ತು ತನ್ನ ತಾಯಿ ಬೈಯುವಾಗ ತಾನು ಸುಮ್ಮನೆ ನಿಂತದ್ದು ತಪ್ಪಾಯಿತೆಂದ. ಕಡೆಗಾಲದಲ್ಲಿ ಹಾಸಿಗೆ ಹಿಡಿದಾಗ ಆಕೆಯೇ ಆ ಫೋಟೋವನ್ನು ಟ್ರಂಕಿನಿಂದ ತೆಗೆಸಿ ನೋಡಿದ್ದನ್ನೂ ಹೇಳಿದ. ಗೋವಿಂದಮ್ಮ ಚೆನ್ನಾಗೇ ಬಂದವ್ಳೆ, ನನ್ನನ್ನೂ ಇಂಗೇ ಎಲ್ಲಾದ್ರೂ ಸೇರಿಸ್ರಿ ಎಂದಿದ್ದಳಂತೆ. ಚಿಕ್ಕಬಸಮ್ಮ ಅವನ ಕೈ ಹಿಡಿದುಕೊಂಡರು. ಆಮೇಲೆ ಗಂಡನ ಕಡೆ ತಿರುಗಿ, ಬದುಕಿದ್ದವರೊಡನೆ ಮಾತಾಡುವ ಹಾಗೆಯೇ ಮಾತಾಡಿದರು.

"ನಂಗಾದ್ರೂ ಯೋಳಬಾರ್ದಾಗಿತ್ತಾ? ಯೋಳಿದ್ರೆ ಒಂದು ದಿನಾನೂ ಬಾಯಲ್ಲಿ ಇಟ್ಕತಿರ್ನಿಲ್ಲ ನಾನು, ಅದ್ಕೇ ಯೋಳ್ನಿಲ್ಲ ಅಲ್ವಾ? ನಾನು ಊರ್ಗೆಲ್ಲ ಜಗಳ ಮಾಡ್ಕಂಡು ಯೋಳ್ತಿದ್ದೆ. ಆ ಎಣ್ಣು ಮಗಿ ಅಲ್ಲಿ ಸಾಯ್ತಿತ್ತು. ಗೊತ್ತಿತ್ತು ನಿಮ್ಗೆ. ದಿನಾ ಬಾಗ್ಲಲ್ಲಿ ನಿಂತು ರೀಲು ಸುತ್ತಿ ಸುತ್ತಿ ಅಂತಿದ್ನಲ್ಲ, ಎಂಗೆ ನಗು ತಡ್ಕತಿದ್ರಿ ನೀವು?"

ಅಳುತ್ತಿದ್ದರೋ ನಗುತ್ತಿದ್ದರೋ ಹೇಳುವುದು ಕಷ್ಟವಾಗಿತ್ತು. ಇಂಥ ಗಂಡನೊಡನೆ ನಲವತ್ತೈದು ವರ್ಷ ಬಾಳಿದೆನಲ್ಲ ಎಂಬ ಹೆಮ್ಮೆ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಮಾದಣ್ಣ ಯಾವಾಗ ಎದ್ದು ಹೋದನೋ ಯಾರೂ ಗಮನಿಸಿರಲಿಲ್ಲ. ಸ್ವಲ್ಪ ಹೊತ್ತಿಗೆ ಮೈಕಿನ ಆಟೋ ಮತ್ತೆ ಬೀದಿಗೆ ಬಂತು. ಈ ಸಲ ಕೇಳಿಸಿದ್ದು ಮಾದಣ್ಣನ ಒಡಕು ದನಿ. ನಮ್ಮೂರ ಫೋಟೋ ಗುರುಮಲ್ಲಪ್ಪನವರು ಎಂದು ಶುರುಮಾಡಿ, ಮುಂದಿನ ಮಾತು ಮರೆತು, ಕೆಮ್ಮಿ, ಮೂರು ಗಂಟೆಗೆ ಎಲ್ಲರೂ ಬರಬೇಕು ಎಂದ. ಊರಿನ ತುದಿಯವರೆಗೆ ಅವನು ಅಷ್ಟನ್ನೇ ಹೇಳಿಕೊಂಡು ಹೋದ. ಡಬಲ್ ಎಂಬ ಮಾತು ಒಂದು ಸಲವೂ ಬರಲಿಲ್ಲ.

*

ಅಯ್ಯನವರು ಬಂದು ವಿಭೂತಿ ಕಟ್ಟುವ ಸಿದ್ಧತೆ ಮಾಡುತ್ತಿದ್ದರು. ಹೊರಗೆ, ಅವರನ್ನು ಕೂರಿಸಿ ಹೊರುವ ಬಿದಿರಿನ ವಿಮಾನಕ್ಕೆ ಚೆಂಡು ಹೂ ಸಿಕ್ಕಿಸುತ್ತಿದ್ದರು. ಗೋಡೆಯಿಂದ ಇಳಿಸಿ ಹಾರ ಹಾಕಲು ಇಟ್ಟಿದ್ದ ಗುರುಮಲ್ಲಪ್ಪನವರ ಫೋಟೋವನ್ನು ರತ್ನ ಕೈಗೆತ್ತಿಕೊಂಡಳು. ಕೊರಳಲ್ಲಿ ಕ್ಯಾಮೆರಾದ ಖಾಲಿ ಚೀಲ ನೇತುಹಾಕಿಕೊಂಡು ಅವರು ನಗುತ್ತ ನಿಂತದ್ದು. ಹತ್ತು ವರ್ಷದ ರೂಪ ಒಮ್ಮೆ ಹಟ ಹಿಡಿದು, ಅವರ ಕ್ಯಾಮೆರಾದಲ್ಲೇ ಅವರನ್ನು ಹೊಡೆದಿದ್ದಳು.

ರತ್ನ ಅದನ್ನು ಹಿಡಿದುಕೊಂಡೇ ಪರಮೇಶನನ್ನು ಕೇಳಿದಳು. ಒಂದು ರೀಲು ನನ್ನದು ಎಂದು ಅಣ್ಣ ರೂಪಳಿಗೆ ಮಾತು ಕೊಟ್ಟಿದ್ದರು, ರೀಲೂ ಹಾಕಿಟ್ಟಿದ್ದರು. ಅವರು ನಮ್ಮವ್ವನನ್ನು ಸೇರಿಸಿದ ಹಾಗೇ ರೂಪಳ ಮದುವೆಯ ಫೋಟೋದಲ್ಲಿ ಅವರನ್ನೂ ಸೇರಿಸಲು ಆಗುತ್ತದೆಯೇ?

ಪರಮೇಶ ಯೋಚಿಸಿದ. ಕಂಪ್ಯೂಟರಿನಲ್ಲಿ ಎರಡು ನಿಮಿಷದಲ್ಲಿ ಆಗುತ್ತದೆ, ಬೇಕಾದರೆ ಇವತ್ತು ರಾತ್ರಿಯೇ ಕಳಿಸುತ್ತೇನೆ ಎಂದು ಬಾಯಿಗೆ ಬಂದಿತ್ತು. ಅದನ್ನು ಹೇಳಲಿಲ್ಲ. ಎರಡು ನಿಮಿಷದ ಕೆಲಸವನ್ನು ಯಾರೂ ಇಪ್ಪತ್ತು ವರ್ಷ ಟ್ರಂಕಿನಲ್ಲಿ ಇಟ್ಟುಕೊಳ್ಳುವುದಿಲ್ಲ ಎನಿಸಿತು. ಅಲ್ಲದೆ ಸತ್ತವರು ಕೊಟ್ಟಿದ್ದ ಮಾತು ಈ ಕ್ಯಾಮೆರಾದ್ದು. ಅವನು ಶಾಂತರಾಜುವಿನ ಮುಖ ನೋಡಿದ. ಶಾಂತರಾಜು ತಲೆಯಾಡಿಸಿ, ಈ ಸಲ ನಮ್ಮ ಮನೆಯಲ್ಲಿ ಕಿರುಚುವವರು ಯಾರೂ ಇಲ್ಲ ಎಂದ.

ಪ್ರಭುಸ್ವಾಮಿ ಪೆಟ್ಟಿಗೆಯಿಂದ ಕರಿ ಕಂಬಳಿ ತಂದು ಜಗುಲಿಯ ಮೇಲೆ ಹಾಸಿದ. ಅದರ ಎಡಬದಿಗೆ ಚೌಕಟ್ಟು ಬಿಚ್ಚಿದ ಫೋಟೋವನ್ನಿಟ್ಟರು. ಪರಮೇಶ ಸ್ಟೂಲಿನ ಮೇಲೆ ನಿಂತು, ಬಗ್ಗಿ, ಎತ್ತರ ಸಾಲದೆಂದು ಇನ್ನೊಂದು ಸ್ಟೂಲು ತರಿಸಿ, ಮುಚ್ಚಳದ ಕಾಗದವನ್ನು ಮತ್ತೊಮ್ಮೆ ಓದಿಕೊಂಡ. ರೀಲು ಸುತ್ತಿ, ಉಸಿರು ಬಿಗಿಹಿಡಿದು ಒತ್ತಿದ. ಟಕ್ ಎಂದಿತು. ಅರ್ಧ ಗಂಟೆಯಲ್ಲೇ ಕಲಿತ ಅಭ್ಯಾಸ, ಅವನ ಹೆಬ್ಬೆರಳು ತಾನಾಗಿ ಬಲಗಡೆಯ ಕಡ್ಡಿಗೆ ಹೋಯಿತು.

"ಸುತ್ತಬೇಡ" ಎಂದರು ಚಿಕ್ಕಬಸಮ್ಮ.

ಅವನು ಬೆರಳು ತೆಗೆದ.

ಮೂರು ಗಂಟೆಗೆ ವಿಮಾನ ಎದ್ದಿತು. ಗೋಪಿನಾಥಂನಿಂದ ಒಂದು ಟೆಂಪೋ ತುಂಬ ಜನ ಬಂದಿದ್ದರು. ಅವರಲ್ಲಿ ಹಲವರಿಗೆ ಜೀವನದಲ್ಲಿ ಮೊದಲ ಫೋಟೋ ತೆಗೆದವರು ಗುರುಮಲ್ಲಪ್ಪನವರು, ಕೆಲವರಿಗೆ ಅದೊಂದೇ ಫೋಟೋ. ಅವರು ತಮ್ಮೊಳಗೆ ತಮಿಳಿನಲ್ಲಿ ಮಾತಾಡಿಕೊಂಡು, ಕನ್ನಡದಲ್ಲಿ ಅತ್ತರು. ಭಜನೆಯವರ ಹಿಂದೆ ಮಾದಣ್ಣ ವಿಮಾನದ ಒಂದು ಬಿದಿರಿಗೆ ಹೆಗಲು ಕೊಟ್ಟು ನಡೆದ, ಬೇರೆಯವರು ಬದಲಾಯಿಸಲು ಬಂದರೂ ಬಿಡಲಿಲ್ಲ. ಹೊಲದ ಬೇವಿನ ಮರದ ಪಕ್ಕ ತೋಡಿದ ಗೂಡಿನಲ್ಲಿ ಅವರನ್ನು ಕೂರಿಸಿ, ವಿಭೂತಿ, ಬಿಲ್ವಪತ್ರೆ ತುಂಬಿ ಮಣ್ಣು ಮುಚ್ಚಿದರು. ಅಲ್ಲಿ ಹಲಗೆ ಬೇಕಾಗಲಿಲ್ಲ, ಸುತ್ತ ಮಣ್ಣೇ ಒತ್ತಿ ಹಿಡಿದಿತ್ತು.

ಎಲ್ಲರೂ ಮನೆಗೆ ಬಂದು ಕೈಕಾಲು ತೊಳೆದಾಗ ಬಿಸಿಲು ಇಳಿದಿತ್ತು. ಗುರುಮಲ್ಲಪ್ಪನವರನ್ನು ಕೂರಿಸಿದ್ದ ಜಾಗವನ್ನು ಸಾರಿಸಿ ದೀಪ ಹಚ್ಚಿದ್ದರು. ರತ್ನ ಯಳಂದೂರಿನ ಬಸ್ಸಿಗೆ ಹೊರಟಳು. ಕ್ಯಾಮೆರಾವನ್ನು ಮದುವೆಯ ಬೆಳಿಗ್ಗೆ ಒಯ್ಯುವುದೆಂದು ಪರಮೇಶ ಹೇಳಿದ. ಅಲ್ಲಿಯವರೆಗೆ ಅದು ಈ ಮನೆಯಲ್ಲೇ ಇರಲಿ, ಯಾರೂ ಮುಟ್ಟದಿದ್ದರೆ ಸಾಕು. ಛತ್ರದಲ್ಲಿ ಗಂಡು ಹೆಣ್ಣನ್ನು ಯಾವ ಕಡೆ ನಿಲ್ಲಿಸಬೇಕೆಂದು ಅವನು ಆಗಲೇ ಲೆಕ್ಕ ಹಾಕುತ್ತಿದ್ದ.

ಚಿಕ್ಕಬಸಮ್ಮ ಸ್ಟುಡಿಯೋ ಪೆಟ್ಟಿಗೆಯನ್ನು ತಡಕಾಡಿದರು. ತಳದಲ್ಲಿ, ಹಳೆಯ ಬ್ಲೇಡು, ಸಲ್ಯೂಷನ್ ಟ್ಯೂಬುಗಳ ನಡುವೆ, ಪರದೆಗೆ ಕತ್ತರಿಸಿ ಉಳಿದ ಕೊಳ್ಳೇಗಾಲದ ರೇಷ್ಮೆಯ ಒಂದು ಪಟ್ಟಿ ಸಿಕ್ಕಿತು. ಅದನ್ನು ಕ್ಯಾಮೆರಾದ ಸುತ್ತುವ ಕಡ್ಡಿಗೆ ಎರಡು ಸುತ್ತು ಬಿಗಿದು ಗಂಟು ಹಾಕಿ, ಯಾರ ಕೈಗೂ ಎಟುಕದಂತೆ ಮೇಲಿನ ಮೊಳೆಗೆ ನೇತುಹಾಕಿದರು.

ದೀಪ ಸಣ್ಣಗೆ ಉರಿಯುತ್ತಿತ್ತು. ಕ್ಯಾಮೆರಾದೊಳಗಿನ ಕತ್ತಲಲ್ಲಿ, ರೇಷ್ಮೆ ಪರದೆಯ ಹಿಂದೆ, ಎಡಬದಿಗೆ ಗುರುಮಲ್ಲಪ್ಪನವರು ನಗುತ್ತ ನಿಂತಿದ್ದರು. ಅವರ ಪಕ್ಕದಲ್ಲಿ ಇಬ್ಬರು ನಿಲ್ಲುವಷ್ಟು ಜಾಗ ಖಾಲಿಯಿತ್ತು.